ಗಟ್ಟಿಮೇಳ ಮುಗಿದ ಮೇಲೆ

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆಯ ಮದುವೆಗಳಲ್ಲಿ ವಾಲಗದವರ ನೆನಪು ಎಲ್ಲರಿಗೂ ಒಟ್ಟಿಗೆ ಆಗುವುದು ಒಂದೇ ಒಂದು ಗಳಿಗೆಯಲ್ಲಿ. ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗಿದಾಗ. ತಾಳಿ ಕಟ್ಟಿ ಅಕ್ಷತೆ ಬಿದ್ದೊಡನೆ ನಾಗಸ್ವರದವನು ಮತ್ತೆ ಛತ್ರದ ಮೂಲೆಗೆ ಸೇರಿದ ವಸ್ತುವಾಗುತ್ತಾನೆ. ಸಂಜೆಯ ಮೆರವಣಿಗೆಯಲ್ಲಿ ಕೆನ್ನೆಯುಬ್ಬಿಸಿ ಟ್ರಂಪೆಟ್ ಊದುವ ಬ್ಯಾಂಡ್ ಸೆಟ್ಟಿನವನ ಪಾಡೂ ಬೇರೆಯಲ್ಲ. ಈ ಅನಾದರದಿಂದ ಕೆಡುವುದು ಅವರ ಬದುಕು ಮಾತ್ರವಲ್ಲ, ನಮ್ಮ ಸಂಗೀತವೂ ಹೌದೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಸಾಕ್ಷಿಯಾಗಿ ಕನ್ನಡನಾಡಿನ ಒಬ್ಬ ಕಲಾವಿದರ ಜೀವನವನ್ನೂ, ಅವರು ಪಾಲ್ಗೊಂಡ ಒಂದು ಧ್ವನಿಮುದ್ರಿಕೆಯನ್ನೂ ನಿಮ್ಮ ಮುಂದಿಡುತ್ತೇನೆ.

ಕದ್ರಿ ಗೋಪಾಲನಾಥರು 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಜನಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನಿಗೂ ಮೊದಲ ಪಾಠ ನಾಗಸ್ವರದ್ದೇ. ಹುಡುಗನ ಮನಸ್ಸನ್ನು ಬೇರೆಡೆಗೆ ತಿರುಗಿಸಿದ್ದು ನಮ್ಮ ಮೈಸೂರು. ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿನ ನಾದಕ್ಕೆ ಅವರು ಮಾರುಹೋದರು. ಕೆ.ಆರ್. ನಗರ ಯಾರ ಹೆಸರನ್ನು ಹೊತ್ತಿದೆಯೋ ಆ ನಾಲ್ವಡಿ ಕೃಷ್ಣರಾಜ ಒಡೆಯರು ನುಡಿಸಬಲ್ಲವರಾಗಿದ್ದ ವಾದ್ಯಗಳಲ್ಲಿ ನಾಗಸ್ವರವೂ ಇತ್ತು, ಸ್ಯಾಕ್ಸೊಫೋನೂ ಇತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ದೊರೆಯ ಕೈಯಲ್ಲಿದ್ದಾಗ ಇಲ್ಲದ ಕೀಳರಿಮೆ ಬಡವನ ಕೈಗೆ ಬಂದಾಗ ಅದೇ ವಾದ್ಯಕ್ಕೆ ಎಲ್ಲಿಂದ ಅಂಟಿಕೊಂಡಿತು?

ಆ ಪರದೇಶದ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸುವುದು ಸುಲಭದ ಕೆಲಸವಾಗಿರಲಿಲ್ಲ. ನಾಗಸ್ವರದ ರಂಧ್ರಗಳು ಬೆರಳಿಗೆ ನೇರವಾಗಿ ಸಿಗುತ್ತವೆ. ಅರ್ಧ ಮುಚ್ಚಿ, ಉಸಿರನ್ನು ಏರಿಸಿ ಇಳಿಸಿ ಗಮಕ ತರಬಹುದು. ಸ್ಯಾಕ್ಸೊಫೋನಿನ ರಂಧ್ರಗಳಾದರೋ ಕೀಲಿಗಳ ಕೆಳಗೆ ಅಡಗಿರುತ್ತವೆ. ಸ್ವರದಿಂದ ಸ್ವರಕ್ಕೆ ಹಾರಲು ಹೇಳಿ ಮಾಡಿಸಿದ್ದು, ಜಾರಲು ಅಲ್ಲ. ಗೋಪಾಲನಾಥರು ವಾದ್ಯದಲ್ಲೇ ಕೆಲವು ಮಾರ್ಪಾಡು ಮಾಡಿಕೊಂಡು, ವರ್ಷಗಟ್ಟಲೆ ಸಾಧನೆ ನಡೆಸಿದರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರರೂ, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ನರೂ ಅವರನ್ನು ತಿದ್ದಿದರು.

1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ತಾನೂ ಜೊತೆಗೆ ನುಡಿಸಲು ಬಯಸಿದರಂತೆ. ಅಲ್ಲಿಂದ ಅವರ ದಾರಿ ಅಗಲವಾಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿ, 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ಅವರು ತೀರಿಕೊಂಡರು.

ಜಾಝ್ ಎಂದರೇನೆಂದು ಕೇಳುವ ಬಂಧುಗಳಿಗಾಗಿ ಎರಡು ಮಾತು. ನಮ್ಮಲ್ಲಿ ಪಲ್ಲವಿಯ ಸಾಲನ್ನು ಹಿಡಿದು ಮನೋಧರ್ಮದಿಂದ ಬೆಳೆಸುವಂತೆ, ಅಲ್ಲಿಯೂ ಒಂದು ಮಟ್ಟನ್ನು ಹಿಡಿದು ಒಬ್ಬೊಬ್ಬರೂ ಸರದಿಯಲ್ಲಿ ಬೆಳೆಸುತ್ತಾರೆ. ಉಳಿದವರು ಆಗ ಹಿಂದೆ ಸರಿದು ಆಸರೆಯಾಗಿ ನಿಲ್ಲುತ್ತಾರೆ. ಈ ಸಂಗೀತ ಮೊಳೆತ ನ್ಯೂ ಆರ್ಲಿಯನ್ಸ್ ನಗರದಲ್ಲಿ ಬ್ಯಾಂಡಿನವರು ಹಬ್ಬಕ್ಕೂ ಊದುತ್ತಿದ್ದರು, ಶವಯಾತ್ರೆಗೂ ಊದುತ್ತಿದ್ದರು, ಥೇಟ್ ನಮ್ಮೂರಿನವರಂತೆ. ಲೂಯಿ ಆರ್ಮ್‌ಸ್ಟ್ರಾಂಗ್ ಬೆಳೆದದ್ದು ಆ ಬೀದಿಗಳಲ್ಲೇ. ಬಾಲಾಪರಾಧಿಗಳ ಶಾಲೆಯೊಂದರ ಬ್ಯಾಂಡಿನಲ್ಲಿ ಪಳಗಿದ ಆ ಹುಡುಗ 1925ರಲ್ಲಿ ಷಿಕಾಗೊದಲ್ಲಿ ಐದೇ ಮಂದಿಯ ಮೇಳ ಕಟ್ಟಿ ಧ್ವನಿಮುದ್ರಿಸಿದ ತಟ್ಟೆಗಳು ಜಾಝ್‌ನ ದಿಕ್ಕನ್ನೇ ಬದಲಿಸಿದವು. ಬೀದಿಯ ಗದ್ದಲದಲ್ಲಿ ಕೇಳದಿದ್ದ ಸೂಕ್ಷ್ಮಗಳು ಚಿಕ್ಕ ಮೇಳದಲ್ಲಿ ಕೇಳಿಸಿದವು.

ನಾನು ಹೇಳಬೇಕೆಂದಿದ್ದ ಧ್ವನಿಮುದ್ರಿಕೆಯೂ ಚಿಕ್ಕ ಮೇಳದ್ದೇ. 2008ರಲ್ಲಿ ಹೊರಬಂದ ಅದರ ಹೆಸರು 'ಕಿನ್ಸ್‌ಮೆನ್', ಅಂದರೆ ಬಂಧುಗಳು. ಅದರ ರೂವಾರಿ ಅಮೆರಿಕದಲ್ಲಿ ಬೆಳೆದ ಕನ್ನಡ ಮೂಲದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ. ಸಂಗೀತದ ವಿದ್ಯಾರ್ಥಿಯಾಗಿದ್ದಾಗ ಅಣ್ಣ ತಮಾಷೆಗೆಂದು ಕೊಟ್ಟ ಒಂದು ಧ್ವನಿಮುದ್ರಿಕೆಯಿಂದ ಅವರಿಗೆ ಗೋಪಾಲನಾಥರ ಪರಿಚಯವಾಯಿತಂತೆ. ತಮಾಷೆ ಮುಂದೆ ಗುರುಭಾವಕ್ಕೆ ತಿರುಗಿತು. ಈ ಮೇಳದಲ್ಲಿ ಇವರಿಬ್ಬರ ಸ್ಯಾಕ್ಸೊಫೋನುಗಳ ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ. ಅತ್ತ ಕಡೆಯಿಂದ ರೆಜ್ ಅಬ್ಬಾಸಿಯವರ ಗಿಟಾರ್, ಕಾರ್ಲೊ ಡಿ ರೋಸಾರ ಬಾಸ್, ರಾಯಲ್ ಹಾರ್ಟಿಗನ್ನರ ಡ್ರಮ್ಸ್. ಒಟ್ಟು ಏಳು ಮಂದಿ. ಒಂದೇ ಜಾತಿಯ ಎರಡು ವಾದ್ಯಗಳು. ಒಂದರಲ್ಲಿ ಸ್ವರ ಜಾರುತ್ತದೆ, ಇನ್ನೊಂದರಲ್ಲಿ ಚಿಮ್ಮುತ್ತದೆ. ಕಣ್ಣು ಮುಚ್ಚಿ ಕೇಳಿದರೂ ಯಾರು ಯಾರೆಂದು ತಿಳಿಯುತ್ತದೆ. ಒಬ್ಬರು ಇನ್ನೊಬ್ಬರನ್ನು ನುಂಗಲು ಹೋಗಿಲ್ಲ. ಇದೇ ಅದರ ದೊಡ್ಡ ಗುಣ.

ಈಗ ನಮ್ಮ ಊರಿಗೆ ಬರೋಣ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ನಾನು ಪಾಠ ಹೇಳುತ್ತಿದ್ದಾಗ ವಾಲಗದ ಮನೆತನದ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಲಗ್ನದ ದಿನಗಳಲ್ಲಿ ತಂದೆಯ ಹಿಂದೆ ಶ್ರುತಿಪೆಟ್ಟಿಗೆ ಹೊತ್ತು ಹೋಗುತ್ತಿದ್ದ. ಪ್ರಾರ್ಥನೆಯಲ್ಲಿ ಯಾರ ಶ್ರುತಿ ತಪ್ಪಿದರೂ ಅವನ ಮುಖ ಕಿವಿಚಿಕೊಳ್ಳುತ್ತಿತ್ತು. ಅಂಥ ಕಿವಿ! ಈಗ ಆಟೋ ಓಡಿಸುತ್ತಾನೆ. ನಾಗಸ್ವರವೇಕೆ ಬಿಟ್ಟೆಯೆಂದು ಕೇಳಿದೆ. "ಊದ್ಬೋದು ಸಾ, ಕೇಳೋರ್ ಯಾರಿದಾರೆ?" ಎಂದ. ಹಣ ಸಾಲದೆಂದು ಹೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ವಾಲಗದವರೆಲ್ಲರೂ ಗೋಪಾಲನಾಥರಾಗಲು ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯವಿಲ್ಲ. ಆದರೆ ಯಾರು ಆಗಬಲ್ಲರೆಂದು ಕೇಳದೆಯೇ ತಿಳಿಯುವುದು ಹೇಗೆ? ಅನೇಕರು ಸಿನಿಮಾ ಹಾಡುಗಳನ್ನಷ್ಟೇ ನುಡಿಸುತ್ತಾರೆಂಬ ಆಕ್ಷೇಪವೂ ಇದೆ. ಅದು ನಿಜವೇ, ಆದರೆ ಯಾರೂ ಕೇಳದ ಕಡೆ ತೋಡಿಯನ್ನು ಯಾರಿಗಾಗಿ ವಿಸ್ತರಿಸಬೇಕು? ಡಿಜೆ ಪೆಟ್ಟಿಗೆಗೆ ಸಾವಿರಾರು ರೂಪಾಯಿ ಸುರಿಯುವ ನಾವು ವಾಲಗದವರ ಬಳಿ ಚೌಕಾಶಿಗೆ ನಿಲ್ಲುವುದಂತೂ ಯಾವ ನ್ಯಾಯಕ್ಕೂ ಸಲ್ಲದು.

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲೂ ಬಂಧುಗಳಲ್ಲೂ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಶುಭಕಾರ್ಯ ನಡೆದಾಗ ವಾಲಗದವರನ್ನು ಮೂಲೆಯಲ್ಲಿ ಕೂರಿಸದೆ ಒಂದು ವೇದಿಕೆ ಕೊಡಿ. ಧಾರೆಗೆ ಮೊದಲು ಹದಿನೈದು ನಿಮಿಷ ಧ್ವನಿವರ್ಧಕದ ಹಾಡುಗಳನ್ನು ನಿಲ್ಲಿಸಿ, ನಾಲ್ಕು ಕುರ್ಚಿ ಎದುರಿಗೆ ಹಾಕಿಕೊಂಡು ಕುಳಿತು, ಯಾವ ರಾಗವೆಂದು ವಿಚಾರಿಸಿ. ಅವರಿಗೂ ಮೊದಲ ಪಂಕ್ತಿಯಲ್ಲೇ ಎಲೆ ಹಾಕಿಸಿ. ಒಪ್ಪಿದ ಸಂಭಾವನೆಯನ್ನು ತಾಂಬೂಲದೊಂದಿಗೆ ಅಂದೇ ಕೈಗಿಡಿ. ಜೊತೆಗೆ ಬಂದ ಹುಡುಗನಿದ್ದರೆ ಅವನಿಂದಲೂ ಒಂದು ಕೀರ್ತನೆ ನುಡಿಸಿ, ಚೆನ್ನಾಗಿತ್ತೆಂದು ಬಾಯ್ತುಂಬ ಹೇಳಿ. ಇಷ್ಟಕ್ಕೆ ಹೆಚ್ಚು ಖರ್ಚೇನೂ ಆಗುವುದಿಲ್ಲ.