ಸೀಸೆಯ ಮೇಲಿಲ್ಲದ ಬೆಲೆ

ಔಷಧದ ಅಂಗಡಿಯಲ್ಲಿ ಸೀಸೆಯನ್ನು ಕೈಗೆತ್ತಿಕೊಂಡ ಗೃಹಸ್ಥನು ಮೊದಲು ಹುಡುಕುವುದು ಅದರ ಮೇಲೆ ಅಚ್ಚಾಗಿರುವ ಬೆಲೆಯನ್ನು. ಹೆಚ್ಚಾಯಿತೆಂದು ಆತ ಗೊಣಗಬಹುದು. ಆದರೆ ಬೆಲೆ ಎಷ್ಟೆಂಬುದರಲ್ಲಿ ಸಂಶಯವಿಲ್ಲ. ಸಿರಿವಂತ ದೇಶವೆನಿಸಿದ ಅಮೆರಿಕದಲ್ಲಿ ಈ ಸಣ್ಣ ಸೌಲಭ್ಯವೇ ಇಲ್ಲವೆಂದರೆ ಓದುಗರಿಗೆ ಆಶ್ಚರ್ಯವಾದೀತು. ಅಲ್ಲಿ ಒಂದೇ ಔಷಧಕ್ಕೆ ತಯಾರಕರ ಪಟ್ಟಿಯ ಬೆಲೆ ಒಂದು. ಸೋಡಿ ಕಳೆದ ಮೇಲೆ ವಿಮಾ ಸಂಸ್ಥೆ ತೆರುವ ಬೆಲೆ ಮತ್ತೊಂದು. ಪಟ್ಟಿಯ ಬೆಲೆಯನ್ನು ಪೂರ್ತಿಯಾಗಿ ಕೇಳುವುದು ಹೆಚ್ಚಾಗಿ ವಿಮೆಯಿಲ್ಲದವನಿಂದ, ಎಂದರೆ, ಕೊಡಲಾರದವನಿಂದ.

ಸಿಹಿಮೂತ್ರ ರೋಗಿಗಳಿಗೆ ಸಂಜೀವಿನಿಯಾದ ಇನ್ಸುಲಿನ್ನಿನ ಕಥೆಯನ್ನೇ ನೋಡಬಹುದು. ಟೊರಾಂಟೋದಲ್ಲಿ ಅದನ್ನು ಸಿದ್ಧಪಡಿಸಿದ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಎಂಬ ಮೂವರು 1923ರಲ್ಲಿ ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿಬಿಟ್ಟರು. ಮುಂದೆ ಈಲೈ ಲಿಲಿ ಕಂಪೆನಿಯ ‘ಹ್ಯುಮಲಾಗ್’ ಎಂಬ ಹೊಸ ಬಗೆಯ ಇನ್ಸುಲಿನ್ 1996ರಲ್ಲಿ ಪೇಟೆಗೆ ಬಂದಾಗ ಸೀಸೆಗೆ 21 ಡಾಲರು. 2017ರ ಹೊತ್ತಿಗೆ ಅದೇ ಸೀಸೆಗೆ ಸುಮಾರು 275 ಡಾಲರು. ಒಳಗಿನ ದ್ರವ ಮಾತ್ರ ಅದೇ.

ಆ ವರ್ಷ ಮಿನೆಸೋಟ ರಾಜ್ಯದಲ್ಲಿ ಅಲೆಕ್ ಸ್ಮಿತ್ ಎಂಬ ತರುಣನಿಗೆ ಇಪ್ಪತ್ತಾರು ತುಂಬಿತು. ತಾಯಿಯ ವಿಮೆಯ ಆಶ್ರಯ ಅಲ್ಲಿಗೆ ಮುಗಿಯಿತು. ಊಟದ ಹೋಟೆಲೊಂದರಲ್ಲಿ ಮೇಲ್ವಿಚಾರಕನಾಗಿದ್ದ ಆತನಿಗೆ ಅಂಗಡಿಯವರು ಹೇಳಿದ ತಿಂಗಳ ಔಷಧದ ವೆಚ್ಚ ಸುಮಾರು 1,300 ಡಾಲರು. ಮುಂದಿನ ಸಂಬಳದವರೆಗೆ ಉಳಿದಿದ್ದ ಇನ್ಸುಲಿನ್ನನ್ನು ಎಳೆದಾಡಿಕೊಂಡು ಬಂದನು. ವಿಮೆ ತಪ್ಪಿ ತಿಂಗಳು ತುಂಬುವ ಮೊದಲೇ, ಜೂನ್ ಮಾಸದಲ್ಲಿ, ಬಾಡಿಗೆಯ ಮನೆಯಲ್ಲಿ ಒಬ್ಬನೇ ತೀರಿಕೊಂಡನು.

ಅದೇ ಜೂನಿನಲ್ಲಿ ನೆವಾಡ ರಾಜ್ಯವು ಈ ರೋಗದ ಔಷಧಗಳಿಗೆಂದೇ ಒಂದು ಶಾಸನವನ್ನು ಮಾಡಿತು. ತಯಾರಿಕೆಗೆ ತಗುಲಿದ ಅಸಲೆಷ್ಟು, ಜಾಹೀರಾತಿಗೆ ಸುರಿದದ್ದೆಷ್ಟು, ಲಾಭವೆಷ್ಟು, ರೋಗಿಗಳಿಗೆ ನೀಡಿದ ನೆರವೆಷ್ಟು ಎಂಬುದನ್ನು ಕಂಪೆನಿಗಳು ಸರಕಾರಕ್ಕೆ ಲೆಕ್ಕ ಒಪ್ಪಿಸಬೇಕು. ರೋಗಿಗಳ ಪರವಾಗಿ ಮಾತನಾಡುವ ಸಂಘಗಳು ಇದೇ ಕಂಪೆನಿಗಳಿಂದ ಪಡೆದ ದೇಣಿಗೆಯನ್ನೂ ಬಹಿರಂಗಪಡಿಸಬೇಕು. (ಯಾರ ಅನ್ನ ಉಂಡು ಯಾರ ಪರ ವಾದವೆಂದು ತಿಳಿಯಬೇಡವೇ?) ತಯಾರಕರು ನ್ಯಾಯಾಲಯಕ್ಕೆ ಹೋದರು. ವ್ಯಾಪಾರದ ಗುಟ್ಟೆನ್ನಬಹುದಾದದ್ದನ್ನು ಗುಟ್ಟಾಗಿಯೇ ಇಡಲು ನಿಯಮವಾದ ಮೇಲೆ 2018ರಲ್ಲಿ ಮೊಕದ್ದಮೆಯನ್ನು ಹಿಂತೆಗೆದುಕೊಂಡರು. ಕಿಟಕಿ ತೆರೆಯಿತು, ಜೊತೆಗೆ ಪರದೆಯೂ ಇಳಿಯಿತು.

ಇಂತಹ ಕಾನೂನಿಗೆ 2016ರಲ್ಲಿ ನಾಂದಿ ಹಾಡಿದುದು ಪುಟ್ಟ ರಾಜ್ಯವಾದ ವರ್ಮಾಂಟ್. 2017ರ ಕ್ಯಾಲಿಫೋರ್ನಿಯ ಶಾಸನವು ದುಬಾರಿ ಔಷಧಗಳ ಬೆಲೆಯನ್ನು ಮಿತಿಮೀರಿ ಏರಿಸುವವರು ಕೊಳ್ಳುವ ಸಂಸ್ಥೆಗಳಿಗೆ 60 ದಿನ ಮೊದಲೇ ತಿಳಿಸಬೇಕೆಂದಿತು. ಏರಿಸಕೂಡದೆಂದು ಹೇಳಲಿಲ್ಲ, ಹೇಳಿ ಏರಿಸಿ ಎಂದಿತಷ್ಟೆ.

ಬೆಲೆ ಏರುವುದಾದರೂ ಏಕೆ? ಇದಕ್ಕೆ ಬೆಂಗಳೂರಿನ ನಂಟುಳ್ಳ ಒಂದು ನಿದರ್ಶನವಿದೆ. ಇಲ್ಲಿನ ಬಯೋಕಾನ್ ಸಂಸ್ಥೆಯು ವಯಾಟ್ರಿಸ್ ಕಂಪೆನಿಯೊಡನೆ ಸೇರಿ 2021ರಲ್ಲಿ ‘ಸೆಮ್‌ಗ್ಲೀ’ ಎಂಬ ಇನ್ಸುಲಿನ್ನನ್ನು ಅಮೆರಿಕದ ಪೇಟೆಗೆ ಎರಡು ವೇಷಗಳಲ್ಲಿ ಬಿಟ್ಟಿತು. ಹೆಸರು ಹೊತ್ತ ಸೀಸೆಗೆ ಸುಮಾರು 269 ಡಾಲರು, ಹೆಸರಿಲ್ಲದ ಅದೇ ಔಷಧಕ್ಕೆ ಸುಮಾರು 99. ಅಗ್ಗದ್ದನ್ನೇ ಎಲ್ಲರೂ ಕೊಳ್ಳಬಾರದೇಕೆ ಎಂದು ಮನೆವಾರ್ತೆ ಬಲ್ಲ ಗೃಹಿಣಿ ಕೇಳಿಯಾಳು. ಅಲ್ಲಿ ವಿಮಾ ಸಂಸ್ಥೆಗಳ ಪರವಾಗಿ ಔಷಧಗಳನ್ನು ಆರಿಸುವ ದಲ್ಲಾಳಿ ಕಂಪೆನಿಗಳಿವೆ. ಪಟ್ಟಿಯ ಬೆಲೆ ಎತ್ತರವಿದ್ದಷ್ಟೂ ಅವಕ್ಕೆ ದೊರೆಯುವ ಸೋಡಿ ದೊಡ್ಡದು. ಆದಕಾರಣ ದುಬಾರಿ ಸೀಸೆಗೂ ಗಿರಾಕಿಯುಂಟು.

ಇನ್ನು ರೋಗಿಗಳಿಗೆ ಕಂಪೆನಿಗಳು ಕೊಡುವ ನೆರವಿನ ವಿಚಾರ. ರೋಗಿಯ ಪಾಲಿನ ಹಣವನ್ನು ತಯಾರಕರ ಕೂಪನ್ನು ತುಂಬಿಕೊಡುತ್ತದೆ. ಉಳಿದ ದೊಡ್ಡ ಮೊತ್ತ ವಿಮಾ ಸಂಸ್ಥೆಯ ತಲೆಗೆ ಬೀಳುತ್ತದೆ. ಅದು ಮರುವರ್ಷ ಎಲ್ಲರ ವಿಮಾ ಕಂತಿನಲ್ಲಿ ಸೇರಿಕೊಳ್ಳುತ್ತದೆ. ಅಗ್ಗದ ಬದಲಿ ಔಷಧವಿದ್ದರೂ ರೋಗಿ ಕೂಪನ್ನಿನ ಆಸೆಗೆ ದುಬಾರಿಯದಕ್ಕೇ ಅಂಟಿಕೊಳ್ಳುತ್ತಾನೆ. ಆದುದರಿಂದಲೇ ಕ್ಯಾಲಿಫೋರ್ನಿಯ 2017ರಲ್ಲಿ ಅಂತಹ ಸಂದರ್ಭಗಳಲ್ಲಿ ಬಹುಮಟ್ಟಿಗೆ ಕೂಪನ್ನನ್ನು ನಿಷೇಧಿಸಿತು. ಹಾಗೆಂದು ನೆರವನ್ನೆಲ್ಲ ಹಳಿಯುವುದೂ ಸಲ್ಲದು. ಕೈಯಲ್ಲಿ ಕಾಸಿಲ್ಲದವನಿಗೆ ಅದು ಪ್ರಾಣದಾನವೇ. ತೊಡಕಿರುವುದು, ಅದು ಕೊಡುವವರ ಮರ್ಜಿಗೆ ಬಿಟ್ಟ ದಾನವಾಗಿರುವುದರಲ್ಲಿ.

ಮಿನೆಸೋಟ ಈ ಮರ್ಜಿಯನ್ನೇ ಕಿತ್ತುಹಾಕಿತು. ಮಗನನ್ನು ಕಳೆದುಕೊಂಡ ತಾಯಿ ಶಾಸನಸಭೆಯ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತಿಳಿದಳು. 2020ರಲ್ಲಿ ಅಲೆಕ್‌ನ ಹೆಸರಿನಲ್ಲೇ ಶಾಸನವಾಯಿತು. ಅದರಂತೆ ಇನ್ಸುಲಿನ್ ತೀರುತ್ತಿರುವ ಅರ್ಹ ನಿವಾಸಿಗೆ ಔಷಧದಂಗಡಿಯಲ್ಲಿ 35 ಡಾಲರಿಗೆ ಮೂವತ್ತು ದಿನಗಳ ಇನ್ಸುಲಿನ್ ದೊರೆಯಬೇಕು. ಆಮೇಲೂ ಅಗತ್ಯವಿದ್ದವರಿಗೆ ತಯಾರಕರೇ 50 ಡಾಲರಿಗೆ ಮೀರದಂತೆ ತೊಂಬತ್ತು ದಿನಗಳಿಗಾಗುವಷ್ಟು ಒದಗಿಸಬೇಕು.

ಕಡೆಗೆ 2023ರಲ್ಲಿ ಲಿಲಿ ಕಂಪೆನಿ ಹ್ಯುಮಲಾಗಿನ ಬೆಲೆಯನ್ನು ಶೇಕಡ 70ರಷ್ಟು ತಗ್ಗಿಸುವುದಾಗಿ ಸಾರಿತು. ಬಡವರ ಸರಕಾರಿ ವಿಮೆಗೆ ಕಂಪೆನಿಗಳು ಕೊಡಬೇಕಾದ ಸೋಡಿಯ ಮೇಲಿದ್ದ ಮಿತಿ 2024ರ ಜನವರಿಯಲ್ಲಿ ತೆಗೆದುಹೋಗುವುದಿತ್ತು. ಹಳೆಯ ಬೆಲೆಯಲ್ಲೇ ಕುಳಿತಿದ್ದರೆ ಮಾರಿದ ಸೀಸೆಗೆ ಎದುರು ಹಣ ಕೊಡಬೇಕಾದೀತೆಂಬ ಲೆಕ್ಕಾಚಾರವೂ ಅದರ ಹಿಂದೆ ಇದ್ದಿರಬೇಕು. ಇಳಿದ ಬೆಲೆ ಸೀಸೆಗೆ ಸುಮಾರು 66 ಡಾಲರು. 1996ರಲ್ಲಿ ಇದ್ದುದರ ಮೂರು ಪಟ್ಟು.