ಮಾತಾಡುವ ಹೆಣಗಳು

ಸೂಪರ್‌ಹೀರೋಗಳನ್ನು ಜೋಂಬಿ ಮಾಡಿದರೆ ಕರಾಳ ಹಾಸ್ಯ ತಾನಾಗಿ ಹುಟ್ಟುತ್ತದೆ ಎನ್ನುವವರಿದ್ದಾರೆ. ನಾನಂತೂ ಒಪ್ಪುವುದಿಲ್ಲ. 2005-06ರಲ್ಲಿ ರಾಬರ್ಟ್ ಕರ್ಕ್‌ಮನ್ ಬರೆದು ಶಾನ್ ಫಿಲಿಪ್ಸ್ ಚಿತ್ರಿಸಿದ ‘ಮಾರ್ವೆಲ್ ಜೋಂಬೀಸ್’ ನಗಿಸುವುದು ರಕ್ತದಿಂದಲ್ಲ, ಮಾತಿನಿಂದ. ಅಲ್ಲಿನ ಹೆಣಗಳಿಗೆ ಬುದ್ಧಿ ನೆಟ್ಟಗಿದೆ. ಹೆಂಡತಿಯನ್ನೂ ಸಾಕಿದ ದೊಡ್ಡಮ್ಮನನ್ನೂ ತಿಂದ ಸ್ಪೈಡರ್‌ಮ್ಯಾನ್ ಹೊಟ್ಟೆ ತುಂಬಿದಾಗ ಗೋಳಾಡುತ್ತಾನೆ. ಹಸಿವಾದರೆ ಮತ್ತೆ ಬೇಟೆಗೆ ಹೊರಡುತ್ತಾನೆ. ವಿಜ್ಞಾನಿ ಹ್ಯಾಂಕ್ ಪಿಮ್ ಗೆಳೆಯ ಬ್ಲ್ಯಾಕ್ ಪ್ಯಾಂಥರ್‌ನನ್ನು ಗುಟ್ಟಾಗಿ ಕೂಡಿಹಾಕಿ ತುಂಡುತುಂಡಾಗಿ ತಿನ್ನುತ್ತಾನೆ. ತಲೆ ತಿಳಿಯಾಗಿದ್ದರೆ ತಾನೇ ಸಂಶೋಧನೆ ಸಾಗುವುದು!

2021ರ ‘ವಾಟ್ ಇಫ್’ ಸರಣಿಯ ಜೋಂಬಿ ಕಂತು ಕಟ್ಟಿಹಾಕಿದ್ದು ಈ ಬಾಯಿಯನ್ನೇ. ಅಲ್ಲಿ ಜೋಂಬಿಗಳದ್ದು ಬರೀ ಗುರುಗುಟ್ಟುವಿಕೆ; ಜೋಕು ಹೊಡೆಯುವ ಕೆಲಸ ಬದುಕುಳಿದವರ ಪಾಲಿಗೆ. ಗುರುಗುಟ್ಟುವುದಷ್ಟೇ ಆದರೆ ಆ ಹೆಣಕ್ಕೆ ಕ್ಯಾಪ್ಟನ್ ಅಮೆರಿಕಾದ ವೇಷ ಯಾಕೆ ಬೇಕಿತ್ತು? ಯಾವ ಹೆಣವಾದರೂ ನಡೆಯುತ್ತಿತ್ತು.