ಕೆರೆಯ ಕಡೆಯಿಂದ ಒಂದು ಪ್ರತ್ಯುತ್ತರ

ಚಿಂತಾಮಣಿ ಬಳಿಯ ಅಂಬಾಜಿದುರ್ಗದ ಸುತ್ತಲಿನ ಗೋಮಾಳ, ಗುಂಡುತೋಪು, ಕುರುಚಲು ಗುಡ್ಡಗಳ ತಂಟೆಗೆ ಹೋಗಬೇಡಿ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ನಮ್ಮ ಕಡೆ ಸಿದ್ಧ ಉತ್ತರಗಳಿವೆ. ಚಿಂತಾಮಣಿಯ ಟೀ ಅಂಗಡಿಯಾಗಲಿ, ಗ್ರಾಮಸಭೆಯಾಗಲಿ, ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದಾಗಲಿ ಕೇಳಿಬರುವುದು ಅವೇ ಐದಾರು ಮಾತು. ಎಲ್ಲವೂ ಸುಳ್ಳಲ್ಲ. ಆದರೆ ಎಲ್ಲವೂ ಜಮೀನನ್ನು ಅದರ ಬಾಂದು ಕಲ್ಲುಗಳ ಒಳಗೇ ನೋಡುತ್ತವೆ. ಮಳೆಯ ನೀರು ಬಾಂದು ಕಲ್ಲಿಗೆ ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಒಬ್ಬ ಮಾಡಿದ್ದಕ್ಕೆ ಕೆಳಗಿನ ಕೆರೆಯ ಅಚ್ಚುಕಟ್ಟಿನವರು ಬೆಲೆ ತೆರುತ್ತಾರೆ. ನನ್ನ ತಕರಾರು ಇಷ್ಟೇ. ಇನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: "ಅಲ್ಲೇನಿದೆ? ಬರೀ ಕಲ್ಲು, ಮುಳ್ಳು. ಯಾವುದಕ್ಕಾದರೂ ಉಪಯೋಗವಾಗಲಿ."

ಜೋರು ಮಳೆ ಬಿದ್ದ ಮಾರನೆಯ ದಿನ ದುರ್ಗದ ಬುಡಕ್ಕೆ ಹೋಗಿ, ಬಂದುರಿಕೆ ಪೊದೆಯೊಂದರ ಬುಡವನ್ನು ಬೆರಳಿಂದ ಬಗೆದು ನೋಡಿ. ಮೇಲೆ ಒಣಗಿದ ಹುಲ್ಲು, ಅದರ ಕೆಳಗೆ ಗೆದ್ದಲು ತೂತು ಕೊರೆದ ಸಡಿಲ ಮಣ್ಣು, ಬೆರಳು ಆಳಕ್ಕೆ ಇಳಿದಂತೆಲ್ಲ ತೇವ. ಹತ್ತು ಮಾರು ಆಚೆ ಜೆಸಿಬಿ ಹರಿದಾಡಿದ ಜಾಗದಲ್ಲಿ ಅದೇ ಮಳೆ ಕೆಮ್ಮಣ್ಣಿನ ಸಣ್ಣ ಸಣ್ಣ ಕೊರಕಲು ಮಾಡಿಕೊಂಡು ಹರಿದುಹೋಗಿರುತ್ತದೆ. ನೆಲ ಮೇಲೆ ಗಟ್ಟಿ, ಕೆಳಗೆ ಒಣ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಸೀಮೆ ನಮ್ಮದು. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುವುದು ಈ ಗುಡ್ಡಗಳ ಸಾಲಿನಲ್ಲೇ, ಆದರೆ ವರ್ಷಪೂರ್ತಿ ಹರಿಯುವ ನದಿ ನಮಗೆ ಒಂದೂ ಇಲ್ಲ. ಅದಕ್ಕೇ ಹಿರಿಯರು ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಒಳಹರಿವಾಗುವಂತೆ ಸರಪಳಿ ಕಟ್ಟಿದರು, ತೂಬು ಎತ್ತಿ ಇಳಿಸಲು ನೀರಗಂಟಿಯನ್ನು ಇಟ್ಟರು. ಆ ಸರಪಳಿಯ ಮೊದಲ ಕೊಂಡಿ ಕೆರೆಯಲ್ಲ, ಅದರ ಮೇಲಿನ ಗುಡ್ಡ. ಅಲ್ಲಿ ಮಣ್ಣಿನ ಮೇಲಿನ ಹೊದಿಕೆ ಹೋದರೆ ಕೆರೆಗೆ ನೀರಿನ ಬದಲು ಹೂಳು ಬರುತ್ತದೆ. ಆಮೇಲೆ ಸರ್ಕಾರ ಹೂಳೆತ್ತುವ ಬಿಲ್ಲು ಬರೆಯುತ್ತದೆ.

ಎರಡನೆಯದು: "ನೀಲಗಿರಿಯೂ ಮರವೇ ತಾನೆ? ಹಸಿರಿಗೆ ಹಸಿರು, ದುಡ್ಡಿಗೆ ದುಡ್ಡು."

ಇದು ನಮ್ಮ ಜಿಲ್ಲೆಯ ಹಳೇ ಜಗಳ, ಸ್ವಲ್ಪ ನಿಂತು ಮಾತಾಡಬೇಕು. ಟಿಪ್ಪುವಿನ ಕಾಲದಲ್ಲಿ ನಂದಿ ಬೆಟ್ಟಕ್ಕೆ ಬಂತು ಎನ್ನುವ ಈ ಮರ, 'ಮೈಸೂರು ಗಮ್' ಎಂಬ ಹೆಸರಿನಲ್ಲಿ ಅಲ್ಲಿಂದಲೇ ದೇಶಕ್ಕೆಲ್ಲ ಹಬ್ಬಿತು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದಾಗ, ಆಗಿನ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ರಾಗಿ ಹೊಲಗಳೇ ನೀಲಗಿರಿ ತೋಪುಗಳಾದವು. ನೀರು ಬೇಡ, ಆಳು ಬೇಡ, ಮೇಕೆ ಬಾಯಿ ಹಾಕುವುದಿಲ್ಲ, ಐದಾರು ವರ್ಷಕ್ಕೊಮ್ಮೆ ಕಂಟ್ರಾಕ್ಟರ್ ಲಾರಿ ತಂದು ಕಡಿದುಕೊಂಡು ಹೋಗುತ್ತಾನೆ, ಕೂಳೆಯಿಂದ ಮತ್ತೆ ಚಿಗುರುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಜಮೀನುದಾರನಿಗೆ ಇದಕ್ಕಿಂತ ಅನುಕೂಲದ ಬೆಳೆ ಇಲ್ಲ. ಕಳೆ ಕೀಳುವ, ರಾಗಿ ಕೊಯ್ಯುವ ಕೂಲಿ ಹೋದದ್ದು ಮಾತ್ರ ಅವನ ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೇ ನುಗ್ಗಿ ನೀಲಗಿರಿ ಸಸಿ ಕಿತ್ತದ್ದು ಸುಮ್ಮನೆ ಅಲ್ಲ.

"ನೀರು ಕುಡಿಯುತ್ತದೆ ಅನ್ನೋದೆಲ್ಲ ಕಟ್ಟುಕತೆ" ಎನ್ನುವವರು ಹೊಸಕೋಟೆಗೆ ಬರಲಿ. ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಇದೆ. ಅಲ್ಲಿನ ನೀಲಗಿರಿಯ ಮೇಲೆ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಮೂರು ವರ್ಷದಲ್ಲಿ ಅಲ್ಲಿ ಬಿದ್ದ ಮಳೆ ಸುಮಾರು 2,100 ಮಿಲಿಮೀಟರ್. ತೋಪಿನಿಂದ ಆವಿಯಾಗಿ ಹೋದದ್ದು ಸುಮಾರು 3,400. ಉಳಿದದ್ದು ಎಲ್ಲಿಂದ ಬಂತು? ಬೇರು ವರ್ಷವರ್ಷಕ್ಕೂ ಕೆಳಗಿಳಿದು, ಹಿಂದಿನ ಮಳೆಗಾಲಗಳು ಮಣ್ಣಿನಾಳದಲ್ಲಿ ಕೂಡಿಟ್ಟ ಇಡುಗಂಟನ್ನು ಎತ್ತಿತು.

ಎದುರಾಳಿಗಳಲ್ಲಿ ಓದಿಕೊಂಡವರು ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಹಾಕುತ್ತಾರೆ. ಅದೇ ಕಾಲ್ಡರ್ ತಂಡ ಶಿವಮೊಗ್ಗ ಕಡೆ ಅಳೆದಾಗ, ಮಣ್ಣು ಅಷ್ಟು ಆಳವಿಲ್ಲದ ಕಡೆ ನೀಲಗಿರಿ ಕುಡಿಯುವ ನೀರು ನಾಡಿನ ಎಲೆಯುದುರುವ ಕಾಡು ಕುಡಿಯುವುದಕ್ಕಿಂತ ಹೆಚ್ಚೇನಿರಲಿಲ್ಲ ಅಲ್ಲವೇ? ಹೌದು, ಇರಲಿಲ್ಲ. ಆದರೆ ಎರಡೂ ರಾಗಿಯ ಸುಮಾರು ಎರಡರಷ್ಟು ಕುಡಿಯುತ್ತಿದ್ದವು. ನಮ್ಮ ಸೀಮೆಯಲ್ಲಿ ನೀಲಗಿರಿ ಬಂದು ಕೂತದ್ದು ದಟ್ಟ ಕಾಡಿನ ಜಾಗದಲ್ಲಲ್ಲ, ರಾಗಿ ಹೊಲದಲ್ಲಿ, ಹುಲ್ಲುಗಾವಲಿನಲ್ಲಿ. ಹೋಲಿಸುವುದಾದರೆ ಅದರೊಂದಿಗೆ ಹೋಲಿಸಿ. ನನ್ನ ಪರವಾಗಿ ಮಾತಾಡುವ ಪರಿಸರಪ್ರೇಮಿಗಳಿಗೂ ಈ ಅಂಕಿಯಲ್ಲಿ ಒಂದು ಪಾಠವಿದೆ: ಗೋಮಾಳ ಕಂಡಲ್ಲೆಲ್ಲ ಗುಂಡಿ ತೋಡಿ ದಟ್ಟವಾಗಿ ಗಿಡ ನೆಡುವ ವನಮಹೋತ್ಸವವೂ ಕೆರೆಗೆ ಹಿತವಲ್ಲ. ಹುಲ್ಲು, ಬಂದುರಿಕೆ, ಅಲ್ಲಲ್ಲಿ ಒಂದು ಕಗ್ಗಲಿ, ಒಂದು ಸೀತಾಫಲ. ಈ ನೆಲಕ್ಕೆ ಒಗ್ಗಿದ್ದು ಅದು.

ಸರ್ಕಾರವೇ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಕೂಳೆಗೆ ನಿಷೇಧವಿಲ್ಲ. ಹಳೇ ತೋಪುಗಳು ಕಡಿದಷ್ಟೂ ಚಿಗುರುತ್ತಿವೆ. ಬುಡ ಕೀಳಿಸಲು ಜೆಸಿಬಿಗೆ ಎಕರೆಗಿಷ್ಟು ಎಂದು ಕೊಡಬೇಕು, ಆ ದುಡ್ಡು ಸಣ್ಣ ರೈತನ ಹತ್ತಿರ ಇಲ್ಲ. ನಿಷೇಧದ ಆದೇಶದ ಜೊತೆಗೆ ಬುಡ ಕೀಳುವ ಖರ್ಚನ್ನೂ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಎಷ್ಟೋ ತೋಪು ಮತ್ತೆ ಹೊಲವಾಗುತ್ತಿತ್ತು.

ಮೂರನೆಯದು: "ಈಗ ದನ ಎಲ್ಲಿವೆ, ಗೋಮಾಳ ಯಾಕೆ?"

ದನ ಕೊಟ್ಟಿಗೆಗೆ ಸೇರಿವೆ, ನಿಜ. ಸೀಮೆಹಸು ಗುಡ್ಡ ಹತ್ತುವುದಿಲ್ಲ. ಆದರೆ ಡೇರಿಗೆ ಹಾಲು ಹಾಕುವ ಮನೆಯ ಹೆಂಗಸು ಕುಡುಗೋಲು ಹಿಡಿದು ಹುಲ್ಲಿನ ಹೊರೆ ತರುವುದು ಎಲ್ಲಿಂದ? ಜಮೀನಿದ್ದವರು ಮುಸುಕಿನ ಜೋಳ ಬೆಳೆದುಕೊಳ್ಳುತ್ತಾರೆ. ಇಲ್ಲದವರಿಗೆ ಗುಡ್ಡವೇ ಗತಿ. ಕುರಿ, ಮೇಕೆ ಇಟ್ಟವರನ್ನಂತೂ ಈ ವಾದ ಲೆಕ್ಕಕ್ಕೇ ಹಿಡಿಯುವುದಿಲ್ಲ. ನೂರು ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕೆಂದು ಭೂಕಂದಾಯ ನಿಯಮವೇ ಹೇಳುತ್ತದೆ. ಗುಡ್ಡದ ಸೀತಾಫಲವನ್ನು ಬುಟ್ಟಿಗೆ ತುಂಬಿ ರಸ್ತೆ ಬದಿ ಕೂರುವವರ ಸಂಪಾದನೆ ಯಾವ ಪಹಣಿಯಲ್ಲೂ ಬರೆದಿರುವುದಿಲ್ಲ. ಬರೆದಿಲ್ಲ ಎಂದರೆ ಇಲ್ಲ ಎಂದೇ?

ನಾಲ್ಕನೆಯದು ಇತ್ತೀಚಿನದು, ಸ್ವಲ್ಪ ಜಂಬದಿಂದ ಹೇಳುವಂಥದ್ದು: "ವ್ಯಾಲಿ ನೀರು ಬಂತು, ಎತ್ತಿನಹೊಳೆ ಬರುತ್ತದೆ. ಇನ್ನು ಗುಡ್ಡದ ಹಂಗೇಕೆ?"

ಕೆ.ಸಿ. ವ್ಯಾಲಿಯಿಂದ ದಿನಕ್ಕೆ 440 ದಶಲಕ್ಷ ಲೀಟರ್, ಎಚ್.ಎನ್. ವ್ಯಾಲಿಯಿಂದ 210 ದಶಲಕ್ಷ ಲೀಟರ್, ಎರಡು ಹಂತ ಶುದ್ಧೀಕರಿಸಿದ ಬೆಂಗಳೂರಿನ ತ್ಯಾಜ್ಯ ನೀರನ್ನು ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ಹರಿಸುವುದು ಯೋಜನೆ. ಬತ್ತಿದ ಕೊಳವೆಬಾವಿಯಲ್ಲಿ ನೀರು ಕಂಡ ರೈತನ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ನೀರು ಪಟ್ಟಿಯಲ್ಲಿರುವ ಕೆರೆಗೆ ಮಾತ್ರ ಬರುತ್ತದೆ, ಪಂಪು ಓಡಿದಷ್ಟು ದಿನ ಬರುತ್ತದೆ. 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಾಗ ಹರಿವು ನಿಂತದ್ದು, ಆಮೇಲೆ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋದದ್ದು ಎಲ್ಲರಿಗೂ ನೆನಪಿದೆ. ಕೊಳಚೆ ಮೂಲದ ನೀರು ನಿಂತ ಕೆರೆಗೆ ಮೇಲಿಂದ ಮಳೆಯ ಹೊಸ ನೀರು ಬಂದು ಬೆರೆಯುವುದು ಮೊದಲಿಗಿಂತ ಈಗ ಹೆಚ್ಚು ಬೇಕು. ಪೋಷಕ ಕಾಲುವೆಯ ಮೇಲೆ ಲೇಔಟ್ ಮಾಡಿ, ಕೆರೆಗೆ ಪೈಪಿನ ನೀರು ಬಿಟ್ಟುಕೊಂಡರೆ ಅದು ಕೆರೆಯಾಗಿ ಉಳಿಯುವುದಿಲ್ಲ. ಎತ್ತಿನಹೊಳೆಗೆ ಚಿಕ್ಕಬಳ್ಳಾಪುರದ ಬಳಿ ಅಡಿಗಲ್ಲು ಬಿದ್ದದ್ದು 2014ರ ಮಾರ್ಚಿನಲ್ಲಿ; ಸಕಲೇಶಪುರದಲ್ಲಿ ಮೊದಲ ಹಂತದ ಪಂಪು ತಿರುಗಿದ್ದು 2024ರ ಸೆಪ್ಟೆಂಬರಿನಲ್ಲಿ. ಪಶ್ಚಿಮಘಟ್ಟದ ಕಾಡು ಕಡಿದು ತರುವ ನೀರನ್ನು ನೆಚ್ಚಿಕೊಂಡು ಇಲ್ಲಿನ ಗುಡ್ಡ ಕೆಡಿಸುವುದು ಯಾವ ಜಾಣತನವೋ ನನಗೆ ತಿಳಿಯದು.

"ರೈತನೇ ಮಾರುತ್ತಿದ್ದಾನೆ, ನಿಮ್ಮದೇನು?" ಎಂಬುದು ಐದನೆಯದು. 2020ರ ಭೂಸುಧಾರಣಾ ತಿದ್ದುಪಡಿ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಳ್ಳುವವರು ಬಂದಿದ್ದಾರೆ, ರೈತ ಮಾರುತ್ತಾನೆ. ಸಾವಿರ, ಸಾವಿರದೈನೂರು ಅಡಿ ಕೊರೆಸಿ ಬರೀ ಧೂಳು ಕಂಡವನನ್ನು ಮಾರಬೇಡ ಎನ್ನುವ ಹಕ್ಕು ನನಗಿಲ್ಲ. ಆದರೆ ಒಣ ಬೋರ್‌ವೆಲ್ಲಿನ ಬಾಯಲ್ಲಿ ನಿಂತು ಮಾಡಿದ ವ್ಯಾಪಾರವನ್ನು ಸ್ವಇಚ್ಛೆ ಎಂದು ಕರೆಯಬೇಡಿ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕಾ ಪ್ರದೇಶಕ್ಕೆಂದು 2,000 ಎಕರೆಗೂ ಮೀರಿ ಗುರುತಿಸಿದಾಗ ರೈತರೇ ಎರಡು ಪಾಳಯವಾದರಲ್ಲ, ಕೊಡುತ್ತೇವೆ ಎನ್ನುವವರು, ಕೊಡಲ್ಲ ಎನ್ನುವವರು. ಆ ಚರ್ಚೆಯಲ್ಲಿ ಸೊಲ್ಲೇ ಇಲ್ಲದವರು ಬೇರೆ ಇದ್ದಾರೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿಯವರು, ಹುಳು ಹಣ್ಣಾದಾಗ ಚಂದ್ರಿಕೆಗೆ ಬಿಡಲು ಬರುವ ಹೆಂಗಸರು, ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಹಮಾಲಿಗಳು, ನೂಲು ಬಿಚ್ಚಾಣಿಕೆದಾರರು. ಎಕರೆಗಿಷ್ಟು ಎಂಬ ಪರಿಹಾರ ಎಕರೆ ಇದ್ದವರಿಗೆ ಮಾತ್ರ.

ಕೊನೆಯದಕ್ಕೆ ನಾನು ತಲೆ ತಗ್ಗಿಸಿಯೇ ಉತ್ತರ ಕೊಡಬೇಕು: "ಭೂಮಿ ಇಲ್ಲದವರಿಗೆ ಗೋಮಾಳದಲ್ಲಿ ಎರಡೆಕರೆ ಕೊಟ್ಟರೆ ನಿಮಗೆ ಹೊಟ್ಟೆಯುರಿಯೇ?"

ಇಲ್ಲ. ತಲೆಮಾರುಗಳಿಂದ ಪರರ ಹೊಲದಲ್ಲಿ ದುಡಿದ ದಲಿತ ಕುಟುಂಬಕ್ಕೆ ಸ್ವಂತ ಪಹಣಿ ಸಿಗುವುದು ಕೆರೆಗಿಂತ ಸಣ್ಣ ವಿಷಯವಲ್ಲ. ಬಡವನ ಎರಡೆಕರೆಯನ್ನು ಮುಂದಿಟ್ಟುಕೊಂಡು ಉಳ್ಳವನು ಹತ್ತೆಕರೆ ಒತ್ತುವರಿ ಸಕ್ರಮ ಮಾಡಿಸಿಕೊಳ್ಳುವುದಕ್ಕೆ ನನ್ನ ವಿರೋಧ. ಬಡವನಿಗೆ ಸಿಗುವುದಾದರೂ ಎಂಥದ್ದು? ನೆತ್ತಿಯ ಮೇಲಿನ ಕಲ್ಲು ಜಾಗ, ನೀರಿಲ್ಲದ್ದು. ಬಾವಿ ತೋಡಿಸಲಾಗದೆ ಅವನೂ ನೀಲಗಿರಿ ಹಾಕುತ್ತಾನೆ, ಇಲ್ಲವೇ ಕ್ವಾರಿಯವನಿಗೆ ಬಿಡುತ್ತಾನೆ. ಕೊಡುವುದಾದರೆ ರಾಗಿ ಬೆಳೆಯುವ ತಗ್ಗಿನಲ್ಲಿ ಕೊಡಿ, ಕಾಲುವೆಯ ನೆತ್ತಿ ಬಿಡಿ. ಶಾಸಕರು ಅಧ್ಯಕ್ಷರಾಗಿರುವ ಬಗರ್‌ಹುಕುಂ ಸಮಿತಿ ಸಾಗುವಳಿ ಎಷ್ಟು ವರ್ಷದ್ದು, ಸರ್ವೆ ನಂಬರ್ ಯಾವುದು ಎಂದು ನೋಡುತ್ತದೆ. ಆ ಸರ್ವೆ ನಂಬರಿನ ಮೇಲೆ ಬಿದ್ದ ನೀರು ಯಾವ ಕೆರೆಗೆ ಇಳಿಯುತ್ತದೆ ಎಂದೂ ಕೇಳಲಿ. ಹಳ್ಳ, ಕಾಲುವೆಗಳ ಗೆರೆ ಗ್ರಾಮನಕ್ಷೆಯಲ್ಲಿ ಈಗಾಗಲೇ ಇದೆ. ಅರ್ಜಿಯ ಪಕ್ಕದಲ್ಲಿ ಆ ನಕ್ಷೆಯನ್ನು ಬಿಡಿಸಿ ಇಡಲು ಹೊಸ ಕಾಯ್ದೆಯೇನೂ ಬೇಕಿಲ್ಲ.